ಡಾಕ್ಟರ ಮುಂದೆ ಕೂತಾಗ ಮುಖ್ಯವಾದ ಮಾತೇ ಉಳಿದುಹೋಗುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಮುಂಗಾರುಮೋಡ
ನನಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಡಾಕ್ಟರ ಭೇಟಿ ತಪ್ಪುವುದಿಲ್ಲ. ನನ್ನ ತೊಂದರೆ ಕಾಯಿಲೆಗಿಂತ ಜಾಸ್ತಿ ಆ ಭೇಟಿಯದೇ. ಒಳಗೆ ಹೋಗಿ ಕೂತರೆ "ಶುಗರ್ ಹೇಗಿದೆ?" ಅನ್ನುತ್ತಾರೆ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡನೇ ಪ್ರಶ್ನೆ. ಆಮೇಲೆ ಅವರ ಕಣ್ಣು ಕಂಪ್ಯೂಟರ್ ಕಡೆ. ಟೈಪ್ ಮಾಡುತ್ತಲೇ "ಹ್ಞೂಂ, ಹ್ಞೂಂ" ಅನ್ನುತ್ತಾರೆ. ಚೀಟಿ ಕೈಗೆ ಬರುತ್ತದೆ, ಎದ್ದು ಬರುತ್ತೇನೆ. ಹೊರಗೆ ಬಂದ ಮೇಲೆ ನೆನಪಾಗುತ್ತದೆ, ರಾತ್ರಿ ಪಾದ ಜುಮ್ಮೆನ್ನುವ ವಿಷಯ ಹೇಳಲೇ ಇಲ್ಲ ಅಂತ.

ಅವರು ಒಳ್ಳೆಯ ಡಾಕ್ಟರೇ. ಓದಿಕೊಂಡವರು, ಕೊಟ್ಟ ಔಷಧಿ ಕೆಲಸ ಮಾಡುತ್ತದೆ. ಆದರೆ ನನ್ನ ಮಾತಿಗೆ ಅಲ್ಲಿ ಜಾಗ ಸಿಗುವುದಿಲ್ಲ. ನಡುವೆ ಬಾಯಿ ಹಾಕಿದರೆ ಬೇಜಾರು ಮಾಡಿಕೊಳ್ಳುತ್ತಾರೋ ಅನ್ನುವ ಅಳುಕು ಬೇರೆ. ನಮ್ಮ ಕಡೆಯಿಂದ ಮಾಡಬಹುದಾದ್ದು ಏನಾದರೂ ಇದೆಯಾ, ಅಥವಾ ಡಾಕ್ಟರುಗಳೇ ಬದಲಾಗಬೇಕಾ?

ಕಿಟಕಿಪಕ್ಕ
ನಿಮ್ಮೊಬ್ಬರ ಕತೆ ಅಲ್ಲ ಇದು. ನಮ್ಮ ಮನೆಯಲ್ಲಿ ಎಲ್ಲರದ್ದೂ ಇದೇ.

ನೇರಮಾತು
ಬದಲಾಗಬೇಕಾದ್ದು ಡಾಕ್ಟರುಗಳೇ. ಹುಷಾರಿಲ್ಲದವರು ಹೋಗುವ ಜಾಗ ಅದು. ಅಲ್ಲೂ ನಾವೇ ತಯಾರಾಗಿ ಹೋಗಬೇಕು, ನಾವೇ ಧೈರ್ಯ ಮಾಡಬೇಕು ಅಂದರೆ ಹೇಗೆ? ಜ್ವರದಲ್ಲಿ ನಡುಗುತ್ತಿರುವವರಿಗೆ "ಚೆನ್ನಾಗಿ ಮಾತಾಡುವುದನ್ನು ಕಲಿಯಿರಿ" ಅನ್ನಬಾರದು.

ಪುಟತಿರುವು
ಇದರ ಮೇಲೆ ಒಳ್ಳೆಯ ಸಂಶೋಧನೆಗಳೇ ಆಗಿವೆ. 1984ರಲ್ಲಿ ಬೆಕ್ಮನ್ ಮತ್ತು ಫ್ರಾಂಕೆಲ್ ಅನ್ನುವ ಇಬ್ಬರು ಅಮೆರಿಕದಲ್ಲಿ 74 ಭೇಟಿಗಳ ಧ್ವನಿಮುದ್ರಣ ಇಟ್ಟುಕೊಂಡು ಕೇಳಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಂದಿದ್ದರು. ತಮ್ಮ ಮೊದಲ ಮಾತನ್ನು ಪೂರ್ತಿ ಮುಗಿಸಿದವರು 17 ಭೇಟಿಗಳಲ್ಲಿ ಮಾತ್ರ. 1999ರಲ್ಲಿ ಬೇರೆಯವರು ಇದೇ ಥರ ನೋಡಿದಾಗ 23 ಸೆಕೆಂಡು ಬಂತು. ಅಂದರೆ 15 ವರ್ಷದಲ್ಲಿ ಸಿಕ್ಕ ಜಾಸ್ತಿ ಸಮಯ 5 ಸೆಕೆಂಡು.

ನೇರಮಾತು
ನೋಡಿ, ನಾನು ಹೇಳಿದ್ದು ಇದನ್ನೇ.

ನಾಡಿಮಿಡಿತ
ನಾನು ಸಾಮಾನ್ಯ ವೈದ್ಯೆ. ಈ ಚರ್ಚೆಯಲ್ಲಿ ನಮ್ಮ ಕಡೆಯ ಮಾತೂ ಇರಲಿ.

ಮೊದಲಿಗೆ ಮುಂಗಾರುಮೋಡ ಅವರಿಗೆ. ಪಾದ ಜುಮ್ಮೆನ್ನುವುದನ್ನು ಮುಂದಿನ ಭೇಟಿವರೆಗೂ ಬಾಕಿ ಇಡಬೇಡಿ. ಫೋನ್ ಮಾಡಿ ಹೇಳಿ, ಬೇಗ ಸಮಯ ಕೇಳಿ. ಸಕ್ಕರೆ ಕಾಯಿಲೆಯಲ್ಲಿ ನರಗಳಿಗೆ ಪೆಟ್ಟು ಬೀಳುವುದು ಹೀಗೇ ಶುರುವಾಗಬಹುದು. ಸ್ಪರ್ಶ ಕಡಿಮೆಯಾದರೆ ಗಾಯ ಆದದ್ದೂ ಗೊತ್ತಾಗುವುದಿಲ್ಲ, ಹುಣ್ಣಾಗುವುದು ಆಮೇಲೆ. ತೆಳುವಾದ ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡುವ ಪರೀಕ್ಷೆ ಇದೆ, ಕೆಲವೇ ನಿಮಿಷದ್ದು. ತೊಂದರೆ ಇಲ್ಲದವರಿಗೂ ವರ್ಷಕ್ಕೊಮ್ಮೆ ಪಾದ ನೋಡಲೇಬೇಕು. ಅವರು ಕೇಳದಿದ್ದರೆ ನೀವೇ ಚಪ್ಪಲಿ, ಸಾಕ್ಸ್ ಬಿಚ್ಚಿ ಕೂರಿ. ಬರಿಗಾಲು ಕಣ್ಣಿಗೆ ಬಿದ್ದರೆ ನೋಡುತ್ತಾರೆ.

ಇನ್ನು ನಡುವೆ ಬಾಯಿ ಹಾಕುವ ವಿಷಯ. ತಲೆನೋವು ಅಂತ ಒಬ್ಬರು ಬಂದರು ಅಂದುಕೊಳ್ಳಿ. ನನ್ನ ತಲೆಯಲ್ಲಿ ಆಗಲೇ ಅಪಾಯದ ಪಟ್ಟಿ ಓಡುತ್ತಿರುತ್ತದೆ. ನೋವು ಸಿಡಿಲು ಬಡಿದಂತೆ ಒಮ್ಮೆಲೇ ಬಂತಾ? ಜ್ವರ, ಕತ್ತು ಬಿಗಿತ ಇದೆಯಾ? ಕೈಕಾಲು ಸೋತಿದೆಯಾ? ಇದಕ್ಕೆಲ್ಲ "ಇಲ್ಲ" ಅಂತ ಸಿಗುವವರೆಗೂ ಸಮಾಧಾನ ಇರುವುದಿಲ್ಲ. ಅದಕ್ಕೇ ಪ್ರಶ್ನೆ ಮುಂದೆ ನುಗ್ಗುತ್ತದೆ. ಹೊರಗೆ ಕಾಯುತ್ತಿರುವವರ ಒತ್ತಡವೂ ಇದೆ. ಹಾಗಂತ ನಡುವೆ ಬಾಯಿ ಹಾಕುವುದು ಸರಿ ಅನ್ನುತ್ತಿಲ್ಲ. ನಾವು ಹೆಚ್ಚಿನವರು ಮಾಡುವ ಕೆಲಸ ಅದು, ಮತ್ತು ಅದರಿಂದ ನಮಗೇ ನಷ್ಟ. ಮೊದಲು ಹೇಳಿದ ತೊಂದರೆಯೇ ದೊಡ್ಡದು ಅಂತ ಹಿಡಿದುಕೊಂಡುಬಿಡುತ್ತೇವೆ. ಎಷ್ಟೋ ಸಲ ದೊಡ್ಡದು ಮೂರನೆಯದಾಗಿರುತ್ತದೆ.

ಹಸಿರುಚಾವಡಿ
ನಾಡಿಮಿಡಿತ ಅವರೇ, ಸುಮ್ಮನೆ ಬಿಟ್ಟರೆ ಜನ ಗಂಟೆಗಟ್ಟಲೆ ಮಾತಾಡುವುದಿಲ್ವಾ? ನನ್ನ ಚಿಕ್ಕಪ್ಪನನ್ನು ತಡೆಯದೆ ಬಿಟ್ಟರೆ ಮದುವೆಯಾದ ದಿನದಿಂದ ಶುರು ಮಾಡುತ್ತಾರೆ.

ಪುಟತಿರುವು
ಇದನ್ನೂ ಅಳೆದಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಆಸ್ಪತ್ರೆಯೊಂದರಲ್ಲಿ ವೈದ್ಯರಿಗೆ "ರೋಗಿ ತಾವಾಗೇ ನಿಲ್ಲಿಸುವವರೆಗೂ ಬಾಯಿ ಹಾಕಬೇಡಿ" ಅಂತ ಹೇಳಿ, ಗುಟ್ಟಾಗಿ ಸಮಯ ನೋಡಿದರು. 335 ರೋಗಿಗಳು. ಸರಾಸರಿ 92 ಸೆಕೆಂಡು! ನೂರಕ್ಕೆ 78 ಜನ 2 ನಿಮಿಷದೊಳಗೆ ಮುಗಿಸಿದರು. 5 ನಿಮಿಷ ದಾಟಿದವರು ಬರೀ 7 ಜನ. ಆ ಏಳೂ ಜನರ ಮಾತು ಕೇಳಬೇಕಾದ್ದೇ ಆಗಿತ್ತು ಅಂತ ವೈದ್ಯರೇ ಹೇಳಿದರು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಎಳೆಬಿಸಿಲು
92 ಸೆಕೆಂಡಾ? ಇದನ್ನು ಪ್ರಿಂಟ್ ತೆಗೆದು ಕಾಯುವ ಕೋಣೆಯಲ್ಲಿ ಅಂಟಿಸಬೇಕು.

ಎರಡನೇವರ್ಷ
ಕಾಯುವ ಕೋಣೆಯಲ್ಲಿ ಅಲ್ಲ, ಡಾಕ್ಟರ ಮೇಜಿನ ಮೇಲೆ.

ನಾನು ವೈದ್ಯಕೀಯ ವಿದ್ಯಾರ್ಥಿ. ಯಾವ ನೋವಿಗೂ ನಮಗೆ ಕಲಿಸುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲಿ ನೋವು, ಯಾವಾಗ ಶುರುವಾಯಿತು, ಯಾವ ಥರದ ನೋವು, ಬೇರೆ ಕಡೆಗೆ ಹರಡುತ್ತದಾ, ಜೊತೆಗೆ ಮತ್ತೇನಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಜಾಸ್ತಿ, ಯಾವುದರಿಂದ ಕಡಿಮೆ, ಹತ್ತರಲ್ಲಿ ಎಷ್ಟು. ಇಷ್ಟನ್ನು ಮೊದಲೇ ಯೋಚಿಸಿಕೊಂಡು ಹೋದರೆ ನಿಮ್ಮ ಅರ್ಧ ಕೆಲಸ ಆಯಿತು. ಪ್ರಶ್ನೆಗೆ ಅಲ್ಲೇ ಕೂತು ಯೋಚಿಸುವ ಹೊತ್ತು ಉಳಿಯುತ್ತದೆ, ಆ ಹೊತ್ತಲ್ಲಿ ಬೇರೆ ಮಾತು ಹೇಳಬಹುದು.

ನೇರಮಾತು
ಮತ್ತೆ ರೋಗಿಗೇ ಹೋಂವರ್ಕ್. ಶಾಲೆಗೆ ಹೋಗುತ್ತಿದ್ದೇವಾ ನಾವು?

ಅಪ್ಪನಮಗಳು
@ನೇರಮಾತು ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಡಾಕ್ಟರುಗಳು ಬದಲಾಗುವವರೆಗೂ ನನ್ನ ಅಪ್ಪನ ಎದೆ ಕಾಯುವುದಿಲ್ಲ. ನಮಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಒಂದು ಚೀಟಿಯಲ್ಲಿ ಮೂರೇ ಸಾಲು. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಮೇಲೆ. ಕೂತ ತಕ್ಷಣ, ಅವರು ಕೇಳುವ ಮೊದಲೇ, "ಇವತ್ತು ಮೂರು ವಿಷಯ ಇದೆ ಡಾಕ್ಟರೇ, ಮೊದಲನೆಯದು ಮುಖ್ಯ" ಅನ್ನುತ್ತೇನೆ. ಆಮೇಲೆ ಅವರೇ "ಎರಡನೆಯದು ಏನು?" ಅಂತ ಕೇಳುತ್ತಾರೆ. ಚೀಟಿಯನ್ನು ಅವರ ಕೈಗೇ ಕೊಟ್ಟರೆ ಇನ್ನೂ ಚೆನ್ನ.

ನಾಡಿಮಿಡಿತ
ಇದು ನಿಜಕ್ಕೂ ಉಪಕಾರ. ಎಷ್ಟು ವಿಷಯ ಇದೆ ಅಂತ ಮೊದಲೇ ಗೊತ್ತಾದರೆ ಸಮಯ ಹಂಚಬಹುದು. ನಮಗೆ ಕಷ್ಟವಾಗುವುದು ಏನು ಗೊತ್ತಾ? ಎಲ್ಲ ಮುಗಿದು, ಎದ್ದು, ಬಾಗಿಲ ಹಿಡಿಕೆ ಹಿಡಿದುಕೊಂಡು "ಅಂದಹಾಗೆ ಡಾಕ್ಟರೇ, ಮಲದಲ್ಲಿ ರಕ್ತ ಕಾಣಿಸುತ್ತಿದೆ" ಅನ್ನುವುದು. ಇದು ಎಲ್ಲ ವೈದ್ಯರಿಗೂ ಗೊತ್ತಿರುವ ಸಂಗತಿ. ಜನ ಮರೆತು ಹಾಗೆ ಮಾಡುವುದಿಲ್ಲ. ನಾಚಿಕೆ, ಹೆದರಿಕೆ. ಧೈರ್ಯ ಬರುವ ಹೊತ್ತಿಗೆ ಭೇಟಿ ಮುಗಿದಿರುತ್ತದೆ. ನಾನು ಅಂಥವರನ್ನು ಮತ್ತೆ ಕೂರಿಸುತ್ತೇನೆ. ಎಲ್ಲರಿಗೂ ಅದು ಸಾಧ್ಯವಾಗದು ಅನ್ನುವುದೂ ಗೊತ್ತು.

ಮುಂಗಾರುಮೋಡ
ನಾಡಿಮಿಡಿತ ಅವರೇ, ಇವತ್ತೇ ಫೋನ್ ಮಾಡಿದೆ. ಬೇಗ ಬರಲು ಹೇಳಿದ್ದಾರೆ. ತುಂಬ ಥ್ಯಾಂಕ್ಸ್. ಚರ್ಚೆ ಮುಂದುವರಿಯಲಿ, ಎಲ್ಲವನ್ನೂ ಓದುತ್ತಿದ್ದೇನೆ.

ಲೆಕ್ಕದಮೇಷ್ಟ್ರು
ಆ 18 ಸೆಕೆಂಡಿನ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಹುಷಾರಾಗಿ ಓದಬೇಕು. 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 112 ಭೇಟಿಗಳಿದ್ದವು. ರೋಗಿ ಯಾಕೆ ಬಂದಿದ್ದಾರೆ ಅಂತ ಕೇಳಿದ್ದೇ ನೂರಕ್ಕೆ 36 ಭೇಟಿಗಳಲ್ಲಿ. ಹಾಗೆ ಕೇಳಿದ ಕಡೆ, ಮೂರರಲ್ಲಿ ಎರಡು ಪಾಲು ಸಲ ನಡುವೆ ಬಾಯಿ ಹಾಕಿದ್ದಾರೆ, ಸುಮಾರು 11 ಸೆಕೆಂಡಿಗೆ. ಆದರೆ ಬಾಯಿ ಹಾಕದೆ ಬಿಟ್ಟ ರೋಗಿಗಳು ಸುಮಾರು 6 ಸೆಕೆಂಡಿನಲ್ಲೇ ಮುಗಿಸಿದ್ದರು! ಅಂದರೆ ಚಿಕ್ಕದಾಗಿ ಹೇಳುವವರನ್ನು ತಡೆಯುವ ಪ್ರಮೇಯವೇ ಬರುವುದಿಲ್ಲ. ಸೆಕೆಂಡು ಎಣಿಸುವುದಕ್ಕಿಂತ ಆ 36 ನನ್ನ ಕಣ್ಣಿಗೆ ದೊಡ್ಡದು. ಕೇಳಿಯೇ ಇಲ್ಲ ಅಲ್ವಾ?

ಪುಟತಿರುವು
ಒಪ್ಪುವ ಮಾತು. ಆದರೆ ಅದರಲ್ಲಿ ವಿಶೇಷ ತಜ್ಞರ ಭೇಟಿಗಳೂ ಇದ್ದವು. ಇನ್ನೊಬ್ಬ ವೈದ್ಯರು ಕಾರಣ ಬರೆದು ಕಳಿಸಿದ್ದರೆ ಮತ್ತೆ ಕೇಳದೆ ಇರಬಹುದು. ಸಾಮಾನ್ಯ ವೈದ್ಯರು ಅವರಿಗಿಂತ ಜಾಸ್ತಿ ಕೇಳಿದ್ದರು.

ಬೆಳ್ಳಿಕೂದಲು
ತಜ್ಞರೂ ಕೇಳಲೇಬೇಕು. ಕಳಿಸಿದವರ ಪತ್ರದಲ್ಲಿ ಇರುವುದು ಅವರ ಅಭಿಪ್ರಾಯ. ನನ್ನ ಮೈಯಲ್ಲಿ ಆಗುತ್ತಿರುವುದು ನನಗೆ ಗೊತ್ತು.

ರಾತ್ರಿಪಾಳಿ
ನರ್ಸ್ ಮಾತಾಡುತ್ತಿದ್ದೇನೆ. ಬಿಪಿ ನೋಡುವ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ರೋಗಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಾರೆ, ಕೂತ ತಕ್ಷಣ ಪಟ್ಟಿ ಕಟ್ಟುತ್ತಾರೆ, ಅದೇ ಹೊತ್ತಿಗೆ "ಮನೆಯಲ್ಲಿ ಎಲ್ಲ ಹೇಗಿದ್ದಾರೆ" ಅಂತ ಮಾತಾಡಿಸುತ್ತಾರೆ. ಸ್ನೇಹದ ಮಾತೇ, ಆದರೆ ಅಳತೆ ಹಾಳು. 5 ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕೆ. ಅಳೆಯುವಾಗ ಇಬ್ಬರೂ ಮಾತಾಡಬಾರದು. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬನ್ನಿ, ಅದರಿಂದಲೂ ಅಂಕಿ ಏರುತ್ತದೆ.

ಡಾಕ್ಟರನ್ನು ಕಂಡರೆ ಮಾತ್ರ ಬಿಪಿ ಏರುವವರಿದ್ದಾರೆ. ಮನೆಯಲ್ಲಿ ಅಳೆದರೆ ಸರಿ ಇರುತ್ತದೆ. ಹಾಗಿದ್ದರೆ ಕೆಲವು ದಿನ ಮನೆಯಲ್ಲಿ ಅಳೆದು ಬರೆದುಕೊಂಡು ಹೋಗಿ ತೋರಿಸಿ. ಒಂದೇ ಸಲದ ಅಂಕಿ ನೋಡಿ ಜೀವನಪೂರ್ತಿ ಮಾತ್ರೆ ಶುರುವಾಗಬಾರದು.

ಎಳೆಬಿಸಿಲು
ಇದು ನನ್ನ ಅಮ್ಮನಿಗೆ ಪಕ್ಕಾ! ಅಲ್ಲಿ ಏರುತ್ತದೆ, ಮನೆಗೆ ಬಂದರೆ ಇಳಿಯುತ್ತದೆ. ನಾವು ಮನೆಯ ಮಿಷನ್ನೇ ಕೆಟ್ಟಿದೆ ಅಂದುಕೊಂಡಿದ್ದೆವು.

ರಾತ್ರಿಪಾಳಿ
ಮಿಷನ್ನನ್ನೂ ಒಮ್ಮೆ ಜೊತೆಗೆ ತೆಗೆದುಕೊಂಡು ಹೋಗಿ. ಅಲ್ಲಿನದರ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಅನುಮಾನ ಹೋಗುತ್ತದೆ.

ಗುಳಿಗೆಡಬ್ಬಿ
ನಾನು ಔಷಧಿ ಕೊಡುವ ಕಡೆ ಕೂರುವವನು. ಡಾಕ್ಟರಿಗೆ ಹೇಳದ ಮಾತು ನನ್ನ ಹತ್ತಿರ ಹೊರಬರುವುದು ನೋಡಿದ್ದೇನೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರು ಇದ್ದರು. ಪರೀಕ್ಷೆಯಲ್ಲಿ ಅಂಕಿ ಸರಿ ಬರುತ್ತಲೇ ಇರಲಿಲ್ಲ, ಡಾಕ್ಟರು ಡೋಸ್ ಏರಿಸುತ್ತಾ ಹೋದರು. ನಾನು "ಬೆಳಿಗ್ಗೆ ಇದರ ಜೊತೆ ಬೇರೆ ಏನು ನುಂಗುತ್ತೀರಿ?" ಅಂತ ಕೇಳಿದೆ. "ಕ್ಯಾಲ್ಸಿಯಂ. ಅದು ಔಷಧಿ ಅಲ್ಲವಲ್ಲ, ಅದಕ್ಕೇ ಡಾಕ್ಟರಿಗೆ ಹೇಳಿಲ್ಲ" ಅಂದರು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಥೈರಾಯ್ಡ್ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಎರಡರ ನಡುವೆ 4 ಗಂಟೆ ಅಂತರ ಬೇಕು. ವಿಷಯವನ್ನು ಡಾಕ್ಟರಿಗೆ ಮುಟ್ಟಿಸಿದೆವು. ಸಮಯ ಬದಲಾಯಿಸಿದ ಮೇಲೆ ಅಂಕಿ ಸರಿಹೋಯಿತು.

ಅದಕ್ಕೇ ಹೇಳುವುದು, ನುಂಗುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಟಾನಿಕ್ಕು, ಗಿಡಮೂಲಿಕೆ, ಪುಡಿ, ವಿಟಮಿನ್, ಕಣ್ಣಿನ ಹನಿ ಎಲ್ಲ. ಬಯೋಟಿನ್ ಅನ್ನುವ ಕೂದಲಿನ ವಿಟಮಿನ್ ಕೂಡ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪು ತೋರಿಸಬಲ್ಲದು.

ಕಿಟಕಿಪಕ್ಕ
ಗಿಡಮೂಲಿಕೆ ಅಂದ ತಕ್ಷಣ ಕೆಲವು ಡಾಕ್ಟರು ಬೈಯುತ್ತಾರೆ ಸ್ವಾಮಿ. ಬೈಸಿಕೊಳ್ಳಲು ಯಾರು ಬಾಯಿ ಬಿಡುತ್ತಾರೆ?

ನಾಡಿಮಿಡಿತ
ಇದು ನಮ್ಮ ದೊಡ್ಡ ತಪ್ಪು. ಒಮ್ಮೆ ಬೈದರೆ ಆ ರೋಗಿ ಮತ್ತೆಂದೂ ನಿಜ ಹೇಳುವುದಿಲ್ಲ. ನಾನು "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಅಂತ ಕೇಳುವುದಿಲ್ಲ. ಅದಕ್ಕೆ ಉತ್ತರ ಯಾವಾಗಲೂ "ಹೌದು". "ತುಂಬ ಜನರಿಗೆ ದಿನಾ ಮಾತ್ರೆ ನುಂಗುವುದು ಕಷ್ಟ. ಕಳೆದ ವಾರ ಎಷ್ಟು ದಿನ ತಪ್ಪಿರಬಹುದು?" ಅಂತ ಕೇಳುತ್ತೇನೆ. ಆಗ ನಿಜ ಬರುತ್ತದೆ. ಬಿಪಿ ಇಳಿಯದಿದ್ದಾಗ ಮಾತ್ರೆ ತಪ್ಪಿಸುತ್ತಿದ್ದಾರೆ ಅಂತ ಗೊತ್ತಿಲ್ಲದೆ ಎರಡನೇ ಮಾತ್ರೆ ಬರೆದರೆ, ಎರಡನ್ನೂ ಒಟ್ಟಿಗೆ ನುಂಗಿದ ದಿನ ತಲೆ ತಿರುಗಿ ಬೀಳಬಹುದು.

ಹಸಿರುಚಾವಡಿ
ಡಾಕ್ಟರು, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಅಜ್ಜಿ ಹೇಳುತ್ತಿದ್ದರು.

ನೇರಮಾತು
ಸುಳ್ಳು ಹೇಳದೆ ಇರಬೇಕಾದರೆ ಕೇಳುವವರು ನಾಡಿಮಿಡಿತ ಅವರ ಥರ ಕೇಳಬೇಕು. ನನ್ನ ವಾದ ಅಷ್ಟೇ. ರೋಗಿಗೆ ಉಪದೇಶ ಬೇಕಿಲ್ಲ, ಡಾಕ್ಟರ ಪ್ರಶ್ನೆ ಬದಲಾದರೆ ಉತ್ತರ ತಾನಾಗೇ ಬದಲಾಗುತ್ತದೆ.

ಎರಡನೇವರ್ಷ
ಈ ಮಾತಿಗೆ ನನ್ನ ಓಟು. ಆದರೆ ಸಮಯ ಎಲ್ಲಿದೆ ಹೇಳಿ. 2017ರಲ್ಲಿ 67 ದೇಶಗಳ ಮಾಹಿತಿ ಸೇರಿಸಿ ನೋಡಿದ ಒಂದು ಅಧ್ಯಯನ ಬಂತು. ಸಾಮಾನ್ಯ ವೈದ್ಯರ ಒಂದು ಭೇಟಿ ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡು, ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಜಗತ್ತಿನ ಸುಮಾರು ಅರ್ಧ ಜನ ಇರುವ ದೇಶಗಳಲ್ಲಿ 5 ನಿಮಿಷ ಅಥವಾ ಅದಕ್ಕಿಂತ ಕಡಿಮೆ. 48 ಸೆಕೆಂಡಿನಲ್ಲಿ 92 ಸೆಕೆಂಡಿನ ಮಾತು ಹೇಗೆ ಹಿಡಿಸುತ್ತದೆ?

ಪುಟತಿರುವು
ಹಿಡಿಸುವುದಿಲ್ಲ. ಅದು ಒಬ್ಬ ಡಾಕ್ಟರ ಗುಣದ ಪ್ರಶ್ನೆಯಲ್ಲ, ಎಷ್ಟು ಜನಕ್ಕೆ ಎಷ್ಟು ಡಾಕ್ಟರು ಅನ್ನುವ ಪ್ರಶ್ನೆ. ಆದರೂ ಸಮಯ ಉಳಿಸಲು ಮಾತನ್ನೇ ಕತ್ತರಿಸುವುದು ತಪ್ಪು ಜಾಗದ ಉಳಿತಾಯ. 1975ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ 80 ಹೊಸ ರೋಗಿಗಳ ಪೈಕಿ 66 ಜನರ ಕಾಯಿಲೆ ಯಾವುದು ಅಂತ ಮಾತಿನಿಂದಲೇ ಗೊತ್ತಾಗಿತ್ತು. ಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಜನರಿಗೆ, ಲ್ಯಾಬ್ ಪರೀಕ್ಷೆಯಿಂದ 7 ಜನರಿಗೆ. ಈಗ ಸ್ಕ್ಯಾನ್‌ಗಳು ಬಂದಿವೆ, ಲೆಕ್ಕ ಸ್ವಲ್ಪ ಬದಲಾಗಿರಬಹುದು. ಆದರೆ ಯಾವ ಸ್ಕ್ಯಾನ್ ಮಾಡಬೇಕು ಅಂತ ಹೇಳುವುದೂ ರೋಗಿಯ ಮಾತೇ.

ಕಲ್ಲುಬೆಂಚು
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಕಂಪ್ಯೂಟರ್ ಬಂದು ಹಾಳಾಯಿತು ಅಂತ ಎಲ್ಲರೂ ಅನ್ನುತ್ತಾರೆ. 1816ರಲ್ಲಿ ಪ್ಯಾರಿಸ್‌ನಲ್ಲಿ ಲೆನೆಕ್ ಅನ್ನುವ ವೈದ್ಯ ಒಬ್ಬ ಯುವತಿಯ ಎದೆಗೆ ನೇರ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದ ಸುರುಳಿ ಸುತ್ತಿ ಕೇಳಿದ. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ರೋಗಿಗೂ ವೈದ್ಯರಿಗೂ ನಡುವೆ ಒಂದು ವಸ್ತು ಬಂದದ್ದು ಕಂಪ್ಯೂಟರಿನಿಂದ ಶುರುವಾದದ್ದಲ್ಲ. ಆ ಸುರುಳಿಯಿಂದ ರೋಗಿಯ ಮಾನವೂ ಉಳಿಯಿತು, ಸದ್ದೂ ಚೆನ್ನಾಗಿ ಕೇಳಿಸಿತು.

ಬೆಳ್ಳಿಕೂದಲು
ಸ್ಟೆತಾಸ್ಕೋಪ್ ಹಾಕಿದಾಗ ಡಾಕ್ಟರು ನನ್ನ ಕಡೆಗೇ ಬರುತ್ತಾರೆ. ಕಂಪ್ಯೂಟರ್ ನೋಡುವಾಗ ನನ್ನಿಂದ ದೂರ ತಿರುಗುತ್ತಾರೆ. ಎರಡೂ ಒಂದೇ ಅಲ್ಲ.

ನನಗೆ ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ನನಗೆ ಕಿವಿ ಮಂದ. ಅರ್ಧ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಮುಖ ಪರದೆ ಕಡೆ ತಿರುಗಿತು ಅಂದರೆ, ಅಥವಾ ಮಾಸ್ಕ್ ಹಾಕಿದ್ದರೆ, ನನಗೆ ಕೇಳುವುದು ಬರೀ ಗುಂಯ್ ಅನ್ನುವ ಸದ್ದು. ಮತ್ತೆ ಮತ್ತೆ "ಏನಂದಿರಿ?" ಅನ್ನಲು ಸಂಕೋಚ. ತಲೆ ಆಡಿಸುತ್ತೇನೆ. ಅವರು ಅರ್ಥವಾಯಿತು ಅಂದುಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಹೀಗೆ ತಲೆ ಆಡಿಸುವವರು ಬಹಳ ಇದ್ದಾರೆ. ಕೂಗಿ ಮಾತಾಡಿದರೂ ಉಪಯೋಗವಿಲ್ಲ, ಕೂಗಿದರೆ ತುಟಿಯ ಆಕಾರ ಕೆಡುತ್ತದೆ. ಎದುರಿಗೆ, ಬೆಳಕಿನಲ್ಲಿ, ನಿಧಾನವಾಗಿ ಹೇಳಿದರೆ ಸಾಕು. ಮುಖ್ಯವಾದ್ದನ್ನು ಬರೆದುಕೊಟ್ಟರೆ ಇನ್ನೇನೂ ಬೇಡ.

ರಾತ್ರಿಪಾಳಿ
ಬೆಳ್ಳಿಕೂದಲು ಅವರೇ, ಒಳಗೆ ಹೋಗುವ ಮೊದಲೇ "ಕಿವಿ ಮಂದ, ಮುಖ ನೋಡಿ ಮಾತಾಡಿ" ಅಂತ ನಿಮ್ಮ ಕಡತದ ಮೇಲೆ ದೊಡ್ಡದಾಗಿ ಬರೆಸಿ. ನಮ್ಮಂಥವರಿಗೆ ಹೇಳಿದರೆ ಬರೆದುಬಿಡುತ್ತೇವೆ.

ನಾಡಿಮಿಡಿತ
ತಲೆ ಆಡಿಸುವುದರ ಬಗ್ಗೆ ಇನ್ನೊಂದು ಮಾತು. ಡಾಕ್ಟರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗವನ್ನು ಜನ ಆಗಲೇ ಮರೆಯುತ್ತಾರೆ ಅಂತ 2003ರ ಒಂದು ಲೇಖನದಲ್ಲಿದೆ. ನೆನಪಿದ್ದದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪು ನೆನಪು. ಇದಕ್ಕೆ ನಾವು ಮಾಡುವ ಉಪಾಯ, ರೋಗಿಯ ಬಾಯಲ್ಲೇ ತಿರುಗಿ ಹೇಳಿಸುವುದು. "ಅರ್ಥವಾಯಿತಾ?" ಅಂತ ಕೇಳುವುದಿಲ್ಲ. "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು, ಮನೆಗೆ ಹೋಗಿ ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಹೇಳಿ" ಅನ್ನುತ್ತೇನೆ. ಡಾಕ್ಟರು ಕೇಳದಿದ್ದರೆ ನೀವೇ ಮಾಡಿ. ಏಳುವ ಮೊದಲು "ಒಂದು ಸಲ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ" ಅಂತ ಶುರು ಮಾಡಿ. ಯಾರೂ ಬೇಡ ಅನ್ನುವುದಿಲ್ಲ.

ಅಪ್ಪನಮಗಳು
ಇದನ್ನು ಖಂಡಿತ ಮಾಡುತ್ತೇನೆ.

ಜೊತೆಗೆ ಹೋಗುವವರ ಬಗ್ಗೆಯೂ ಮಾತಾಡೋಣ. ಡಾಕ್ಟರು ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ, "ಇವರಿಗೆ ನಿದ್ದೆ ಬರುತ್ತದಾ?" ಅಂತ. ಅಪ್ಪ ಅಲ್ಲೇ ಕೂತಿದ್ದಾರೆ, ಬುದ್ಧಿ ಚುರುಕಾಗಿದೆ! ನಾನು "ಅಪ್ಪನನ್ನೇ ಕೇಳಿ" ಅನ್ನುತ್ತೇನೆ. ಕುರ್ಚಿಯನ್ನೂ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂರುತ್ತೇನೆ, ಆಗ ಮಾತು ಅವರಿಬ್ಬರ ನಡುವೆ ನಡೆಯುತ್ತದೆ. ನನ್ನ ಕೆಲಸ ಬರೆದುಕೊಳ್ಳುವುದು, ಅಪ್ಪ ಬಿಟ್ಟದ್ದನ್ನು ಕೊನೆಗೆ ನೆನಪಿಸುವುದು.

ಸಂಜೆಗಾಳಿ
ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ರೋಗಿಯನ್ನು ಒಬ್ಬರನ್ನೇ ನೋಡಬೇಕು, ಜೊತೆಗೆ ಬಂದವರು ಎಷ್ಟೇ ಒಳ್ಳೆಯವರಾಗಿರಲಿ. ಗಂಡ ಪಕ್ಕದಲ್ಲಿ ಕೂತಿರುವಾಗ ಹೇಳಲಾಗದ ಮಾತು ಇರುತ್ತದೆ. ಅಮ್ಮ ಪಕ್ಕದಲ್ಲಿರುವಾಗ ಹದಿನಾರರ ಹುಡುಗಿ ಹೇಳಲಾಗದ ಮಾತು ಇರುತ್ತದೆ. ಮನೆಯಲ್ಲಿ ಹೊಡೆತ ತಿನ್ನುವವರು ಹೊಡೆಯುವವರ ಜೊತೆಗೇ ಬಂದಿರಬಹುದು. ಮನೆಯವರನ್ನು ಹೊರಗೆ ಕಳಿಸುವ ಮಾತು ಡಾಕ್ಟರ ಬಾಯಿಂದಲೇ ಬರಬೇಕು. ರೋಗಿ ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಭಾಷೆ ಬಾರದ ಕಡೆ ಮಕ್ಕಳ ಕೈಲಿ ಅನುವಾದ ಮಾಡಿಸುವುದೂ ನಿಲ್ಲಬೇಕು. ಅಮ್ಮನ ಗರ್ಭಕೋಶದ ವಿಷಯ ಹತ್ತು ವರ್ಷದ ಮಗ ಹೇಗೆ ಹೇಳುತ್ತಾನೆ? ಬಿಟ್ಟುಬಿಡುತ್ತಾನೆ.

ಎಳೆಬಿಸಿಲು
@ಸಂಜೆಗಾಳಿ ಹೌದು. ಹೆಂಗಸರ ನೋವನ್ನು "ಟೆನ್ಶನ್ ಇರಬೇಕು" ಅಂತ ತಳ್ಳಿಹಾಕುವುದನ್ನೂ ಸೇರಿಸಿ.

ನಾಡಿಮಿಡಿತ
ಸೇರಿಸಲೇಬೇಕು. ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಸಾಮಾನ್ಯ. ಆದರೆ ವಾಕರಿಕೆ, ಉಸಿರಾಟದ ಕಷ್ಟ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನು ನೋವು ಗಂಡಸರಿಗಿಂತ ಜಾಸ್ತಿ ಕಾಣುತ್ತದೆ. ಅದನ್ನು ಗ್ಯಾಸ್ ಅಂತ ಕಳಿಸಿದರೆ ಜೀವಕ್ಕೇ ಅಪಾಯ. "ಟೆನ್ಶನ್" ಅಂದರೆ ನೀವು ಹೀಗೆ ಕೇಳಿ: "ಇದು ಬೇರೆ ಏನಾಗಿರಬಹುದು? ಯಾವುದನ್ನು ಇಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೀರಿ?" ಈ ಪ್ರಶ್ನೆಗೆ ನಾವು ನಿಜವಾಗಿಯೂ ನಿಂತು ಯೋಚಿಸುತ್ತೇವೆ.

ಲೆಕ್ಕದಮೇಷ್ಟ್ರು
ಇನ್ನೊಂದು ಪ್ರಶ್ನೆ ನನ್ನ ಕಡೆಯಿಂದ. "ಈ ಮಾತ್ರೆ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ" ಅಂದರೆ "ನೂರರಲ್ಲಿ ಎಷ್ಟು ಜನಕ್ಕೆ?" ಅಂತ ಕೇಳಿ. ನೂರರಲ್ಲಿ 40 ಇದ್ದದ್ದು 20 ಆದರೂ ಅರ್ಧ, 2 ಇದ್ದದ್ದು 1 ಆದರೂ ಅರ್ಧ. ಎರಡೂ ಒಂದೇ ಅಲ್ವಲ್ಲ. ಮಾತ್ರೆ ಬೇಡ ಅನ್ನುತ್ತಿಲ್ಲ. ನಿರ್ಧಾರ ನನ್ನದಾಗಬೇಕಾದರೆ ಪೂರ್ತಿ ಲೆಕ್ಕ ನನ್ನ ಮುಂದೆ ಇರಬೇಕು.

ಕಲ್ಲುಬೆಂಚು
ನಾನು ಭೇಟಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮರೆವಿನ ಸಮಸ್ಯೆಯೇ ಇಲ್ಲ.

ನೇರಮಾತು
ಹೇಳಿ ಮಾಡುತ್ತೀರಾ, ಹೇಳದೆಯಾ?

ಕಲ್ಲುಬೆಂಚು
ಹೇಳಿಯೇ. "ಮನೆಯಲ್ಲಿ ಮತ್ತೆ ಕೇಳಿಕೊಳ್ಳಲು ಬೇಕು" ಅನ್ನುತ್ತೇನೆ. ಒಬ್ಬರು ಬೇಡ ಅಂದರು, ಆದರೆ ಎಲ್ಲವನ್ನೂ ನೀಟಾಗಿ ಬರೆದುಕೊಟ್ಟರು.

ನಾಡಿಮಿಡಿತ
ಗುಟ್ಟಾಗಿ ಮಾಡಿದರೆ ನಂಬಿಕೆ ಹೋಗುತ್ತದೆ. ಕೇಳಿ ಮಾಡಿದರೆ ನನ್ನ ಆಕ್ಷೇಪ ಇಲ್ಲ. ಆದರೆ ಮೈಕ್ ಇದೆ ಅಂದ ತಕ್ಷಣ ಕೆಲವು ವೈದ್ಯರು ಬಿಗಿಯಾಗುತ್ತಾರೆ, "ನನಗನ್ನಿಸುವುದು ಹೀಗೆ" ಅನ್ನುವ ಮನಸ್ಸಿನ ಮಾತು ಹೇಳುವುದಿಲ್ಲ. ಕೊನೆಯಲ್ಲಿ ಸಲಹೆ ಹೇಳುವ ಭಾಗ ಮಾತ್ರ ರೆಕಾರ್ಡ್ ಮಾಡುವುದು ಇಬ್ಬರಿಗೂ ಹಗುರ.

ಪುಟತಿರುವು
ವೈದ್ಯರು ಬರೆದ ಟಿಪ್ಪಣಿಯನ್ನೇ ರೋಗಿಗೆ ಓದಲು ಕೊಡುವ ದಾರಿಯೂ ಇದೆ. 2010ರಲ್ಲಿ ಅಮೆರಿಕದ ಮೂರು ಕಡೆ 105 ವೈದ್ಯರು ಇದನ್ನು ಒಂದು ವರ್ಷ ಮಾಡಿ ನೋಡಿದರು. ಕೆಲಸ ಜಾಸ್ತಿಯಾಗುತ್ತದೆ, ರೋಗಿಗಳು ಗಾಬರಿಯಾಗುತ್ತಾರೆ ಅನ್ನುವ ಹೆದರಿಕೆ ಮೊದಲು ಇತ್ತು. ವರ್ಷ ಮುಗಿದಾಗ ಒಬ್ಬ ವೈದ್ಯರೂ ನಿಲ್ಲಿಸಲಿಲ್ಲ, ರೋಗಿಗಳಲ್ಲಿ ನೂರಕ್ಕೆ 99 ಜನ ಮುಂದುವರಿಸಿ ಅಂದರು.

ಕಿಟಕಿಪಕ್ಕ
ವಿಡಿಯೊ ಭೇಟಿ ಬಗ್ಗೆ ಯಾರಿಗಾದರೂ ಅನುಭವ ಇದೆಯಾ? ನನಗೆ ಅಲ್ಲೇ ಸ್ವಲ್ಪ ಧೈರ್ಯ ಜಾಸ್ತಿ. ನನ್ನ ಮನೆ, ನನ್ನ ಕುರ್ಚಿ, ಚೀಟಿ ಪರದೆಯ ಪಕ್ಕದಲ್ಲೇ ಅಂಟಿಸಿರುತ್ತೇನೆ.

ಗುಳಿಗೆಡಬ್ಬಿ
ಹಳೇ ಕಾಯಿಲೆಯ ಮಾತುಕತೆಗೆ ಸರಿ. ಹೊಟ್ಟೆನೋವು, ಎದೆನೋವಿಗೆ ಬೇಡ. ಮುಟ್ಟಿ ನೋಡಲೇಬೇಕು.

ಬೆಳ್ಳಿಕೂದಲು
ವಿಡಿಯೊದಲ್ಲಿ ಡಾಕ್ಟರ ಮುಖ ನೇರವಾಗಿ ಕಾಣುತ್ತದೆ, ಮಾಸ್ಕೂ ಇರುವುದಿಲ್ಲ. ಮಾತು ಪರದೆಯ ಕೆಳಗೆ ಅಕ್ಷರವಾಗಿ ಬರುವ ಸೌಲಭ್ಯ ಇದೆ ಅಂತ ಮೊಮ್ಮಗ ಹೇಳಿದ. ಅದನ್ನು ನಂಬಬಹುದಾ?

ರಾತ್ರಿಪಾಳಿ
ಮಾತು ಹಿಂಬಾಲಿಸಲು ಸಾಕು, ಆದರೆ ಔಷಧಿಯ ಹೆಸರು ಮತ್ತು ಅಂಕಿಗೆ ಅದನ್ನು ನಂಬಬೇಡಿ. "ಫಿಫ್ಟೀನ್" ಅಂದದ್ದು "ಫಿಫ್ಟಿ" ಅಂತ ಬರಬಹುದು. ಕರೆ ಮುಗಿಸುವ ಮೊದಲು ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಇಷ್ಟನ್ನೂ ಡಾಕ್ಟರ ಕೈಲೇ ಟೈಪ್ ಮಾಡಿಸಿಕೊಳ್ಳಿ. ಮೊಮ್ಮಗನಿಗೆ ಹೇಳಿ ಆ ಪರದೆಯ ಫೋಟೊ ತೆಗೆಸಿಟ್ಟುಕೊಳ್ಳಿ.